ಪಾಯ ತೋಡಿದ ಕೈಗಳು

ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆ ಘಟಕದ ಸ್ಮರಣ ಸಂಚಿಕೆಗೆ ಮನೆ ಕಟ್ಟುವ ಸೇವೆಯ ಬಗ್ಗೆ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ ಮನಸ್ಸು ತುಂಬಿ ಬಂತು. ಈ ಘಟಕದಲ್ಲಿ ಮೊದಲು ಸ್ವಯಂಸೇವಕನಾಗಿ, ಆಮೇಲೆ ಕಾರ್ಯಕ್ರಮಾಧಿಕಾರಿಯಾಗಿ ದುಡಿಯುವ ಭಾಗ್ಯ ನನ್ನದಾಗಿತ್ತು. ವಿಜಯಪುರದ ಅಂಚಿನ ಓಣಿಗಳಲ್ಲಿ, ಟಿಕೋಟಾ ಮತ್ತು ಬಬಲೇಶ್ವರ ಕಡೆಯ ಹಳ್ಳಿಗಳಲ್ಲಿ ನಮ್ಮ ಹುಡುಗರೂ ಹುಡುಗಿಯರೂ ಬಡವರ ಮನೆಗಳಿಗೆ ಪಾಯ ತೋಡಿದ್ದನ್ನು, ಕಲ್ಲು ಹೊತ್ತಿದ್ದನ್ನು ಕಣ್ಣಾರೆ ಕಂಡಿದ್ದೇನೆ. ದುಡಿದವರೆಲ್ಲರ ಹೆಸರನ್ನೂ ಸಮಿತಿಯವರು ವರ್ಷವಾರು ಪಟ್ಟಿ ಮಾಡಿ ಸಂಚಿಕೆಯ ಕೊನೆಗೆ ಅಚ್ಚು ಹಾಕಿಸುತ್ತಿದ್ದಾರೆ. ಆದ್ದರಿಂದ ಇಲ್ಲಿ ನಮ್ಮವರ ಹೆಸರು ಹೇಳದೆ, ಅವರು ಮಾಡಿದ ಕೆಲಸವನ್ನಷ್ಟೇ ಹೇಳುತ್ತೇನೆ.

ದಾರಿ ಹಾಕಿಕೊಟ್ಟವರು

ಕಲಿಯುವ ಹುಡುಗ ಊರ ಕೆಲಸಕ್ಕೂ ಕೈ ಹಚ್ಚಬೇಕೆಂದು ಗಾಂಧೀಜಿ ಮೊದಲಿನಿಂದಲೂ ಹೇಳುತ್ತ ಬಂದಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಡಾ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ ಅದೇ ಮಾತನ್ನು ಶಿಫಾರಸು ಮಾಡಿತು. ಸಿ.ಡಿ. ದೇಶಮುಖರ ಸಮಿತಿ, 1964-66ರ ಕೊಠಾರಿ ಆಯೋಗ ಅದನ್ನು ಮತ್ತೆ ಮತ್ತೆ ಚರ್ಚಿಸಿದವು. ಕಡೆಗೆ ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, ಅಂದಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್ ಅವರು 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯನ್ನು ಆರಂಭಿಸಿದರು. ಮೊದಲ ವರ್ಷಕ್ಕೆ ಸೇರಿದವರು ಸುಮಾರು 40,000 ವಿದ್ಯಾರ್ಥಿಗಳು. ರಾವ್ ಅವರು ಆಗ ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಆರಿಸಿ ಹೋಗಿದ್ದವರು. ಮುಂದೆ 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು ಕಟ್ಟಿದವರೂ ಅವರೇ. ಅರ್ಥಶಾಸ್ತ್ರದ ಅಷ್ಟು ದೊಡ್ಡ ಪಂಡಿತರು ಹುಡುಗರ ಕೈಗೆ ಸಲಿಕೆ ಕೊಡುವ ಯೋಜನೆಗೆ ಚಾಲನೆ ಕೊಟ್ಟರೆಂಬುದು ನಮ್ಮ ಘಟಕದವರಿಗೆ ಸದಾ ಅಭಿಮಾನದ ಸಂಗತಿ.

ಆದರೆ ಸೇವೆಯ ಪಾಠ ನಮ್ಮ ಊರಿಗೆ ದಿಲ್ಲಿಯಿಂದಲೇ ಬರಬೇಕಾಗಿರಲಿಲ್ಲ. ಡಾ. ಫ.ಗು. ಹಳಕಟ್ಟಿಯವರು 1910ರಲ್ಲಿ ಇಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯನ್ನು ಹುಟ್ಟುಹಾಕಿದರು, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿಗೆ ಅಡಿಗಲ್ಲಿಟ್ಟರು. ತಾಳೆಗರಿಗಳಲ್ಲಿದ್ದ ವಚನಗಳನ್ನು ಹುಡುಕಿ ತಂದರು. ಅವನ್ನು ಅಚ್ಚು ಹಾಕಲು ಸ್ವಂತ ಮನೆಯನ್ನೇ ಮಾರಿ ಮುದ್ರಣಾಲಯ ನಡೆಸಿದರು. ಬಂಥನಾಳದ ಸಂಗನಬಸವ ಶಿವಯೋಗಿಗಳು ಹಳ್ಳಿ ಹಳ್ಳಿ ತಿರುಗಿ ಬಡ ಮಕ್ಕಳ ಓದಿಗೆ ನೆರವು ಕೂಡಿಸಿದರು. ಜೇಬಿಲ್ಲದ ಅಂಗಿ ತೊಟ್ಟ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರು ಹುಟ್ಟಿದ್ದು ಟಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ. ಇಂಥವರ ಸೀಮೆಯಲ್ಲಿ ಕಾಯಕ, ದಾಸೋಹ ಎಂಬ ಮಾತುಗಳನ್ನು ಹುಡುಗರಿಗೆ ಬಿಡಿಸಿ ಹೇಳುವ ಅಗತ್ಯ ನಮಗೆ ಬೀಳಲಿಲ್ಲ. ಕೆಲಸ ತೋರಿಸಿದರೆ ಸಾಕಿತ್ತು.

ಬರಗಾಲದ ಶಿಬಿರಗಳು

ಆ ಕೆಲಸ ತೋರಿಸಿದ್ದು 1972-73ರ ಬರ. ಮಹಾರಾಷ್ಟ್ರ ಮತ್ತು ನಮ್ಮ ಜಿಲ್ಲೆಯ ಹಿರಿಯರು ಇಂದಿಗೂ ಅದನ್ನು ನೆನೆದು ನಿಟ್ಟುಸಿರು ಬಿಡುತ್ತಾರೆ. ಬಾವಿಗಳು ಬತ್ತಿದವು, ದನಗಳು ಸಂತೆ ಪಾಲಾದವು, ಜನ ಬರಗಾಲ ಕಾಮಗಾರಿಗಳಲ್ಲಿ ಕಡಿ ಒಡೆದು ಹೊಟ್ಟೆ ಹೊರೆದರು. ದೇಶದಾದ್ಯಂತ ಸೇವಾ ಯೋಜನೆಯ ಶಿಬಿರಗಳು ಆಗ ಬರಗಾಲದ ವಿರುದ್ಧ ಯುವಜನ ಎಂಬ ಧ್ಯೇಯದಡಿ ನಡೆದವು. ನಮ್ಮವರೂ ಹಳ್ಳಿಗಳಿಗೆ ಹೋಗಿ ಕೆರೆಯ ಹೂಳು ಎತ್ತಿದರು, ಬದು ಹಾಕಿದರು, ರಸ್ತೆಗೆ ಮಣ್ಣು ಹೊತ್ತರು.

ಪೇಟೆಯ ಹುಡುಗರು ಮಣ್ಣು ಹೊರುತ್ತಾರೆಂದು ಮೊದಲ ದಿನ ಊರವರು ನಂಬಲಿಲ್ಲ. ಸಾಲಿಯ ವರಾಂಡದಲ್ಲಿ ಮಲಗುವುದು, ನಸುಕಿನಲ್ಲಿ ಎದ್ದು ಬಾವಿ ಸೇದಿ ಸ್ನಾನ ಮಾಡುವುದು, ಬಿಸಿಲೇರುವ ಮುನ್ನ ಕೆಲಸಕ್ಕೆ ಇಳಿಯುವುದು. ಎರಡು ದಿನ ಕಳೆದ ಮೇಲೆ ಮನೆ ಮನೆಯಿಂದ ರೊಟ್ಟಿ ಬರತೊಡಗಿದವು. ಬರದ ವರ್ಷದಲ್ಲಿ, ತಮಗೇ ಸಾಲದ ಜೋಳದಲ್ಲಿ, ತಾಯಂದಿರು ನಮ್ಮ ಹುಡುಗರಿಗೆ ಎರಡೆರಡು ರೊಟ್ಟಿ ತಟ್ಟಿ, ಮೇಲೆ ಶೇಂಗಾ ಹಿಂಡಿ ಇಟ್ಟು ಕಳಿಸುತ್ತಿದ್ದರು. ಆ ರೊಟ್ಟಿ ಉಂಡವರು ಇಂದು ವೈದ್ಯರಾಗಿದ್ದಾರೆ, ವಕೀಲರಾಗಿದ್ದಾರೆ, ಮುಖ್ಯಾಧ್ಯಾಪಕರಾಗಿ ನಿವೃತ್ತರಾಗಿದ್ದಾರೆ. ಭೆಟ್ಟಿಯಾದಾಗೆಲ್ಲ ಮೊದಲು ನೆನೆಯುವುದು ಅದನ್ನೇ.

ಮನೆ ಕಟ್ಟುವ ಸೇವೆ ಹುಟ್ಟಿದ್ದೂ ಆ ಶಿಬಿರಗಳಿಂದಲೇ. ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ ಮನೆಯಿಲ್ಲದವರಿಗೆ ನಿವೇಶನ ಕೊಡುವ ಕೆಲಸ ಜೋರಾಗಿ ನಡೆಯಿತು. ನಮ್ಮ ಕಡೆಯ ಎಷ್ಟೋ ಊರುಗಳಲ್ಲಿ ಇಂದಿಗೂ ಜನತಾ ಪ್ಲಾಟ್ ಎಂದೇ ಕರೆಯುವ ಓಣಿಗಳು ಆಗ ಹುಟ್ಟಿಕೊಂಡವು. ಜಾಗದ ಹಕ್ಕುಪತ್ರ ಕೈಗೆ ಬಂತು. ಆದರೆ ಎಷ್ಟೋ ಕುಟುಂಬಗಳು ಅದೇ ಜಾಗದಲ್ಲಿ ಜೋಳದ ಕಣಿಕೆಯ ಗುಡಿಸಲು ಹಾಕಿಕೊಂಡು, ಇಲ್ಲವೆ ಪತ್ರಾಸಿನ ಕೆಳಗೆ ಬೆಂದು ವರ್ಷಗಟ್ಟಲೆ ದಿನ ದೂಡಿದವು. ಇದೇಕೆ ಹೀಗೆ ಎಂದು ನಮ್ಮ ಮೊದಲ ಕಾರ್ಯಕ್ರಮಾಧಿಕಾರಿಗಳು ಮನೆ ಮನೆಗೆ ಹೋಗಿ ವಿಚಾರಿಸಿದರು. ಎಲ್ಲ ಕಡೆ ಸಿಕ್ಕ ಉತ್ತರ ಒಂದೇ: ಪಾಯ ಏರುತ್ತಿಲ್ಲ.

ಗರಸು ಸಿಗುವ ತನಕ

ಹೊರಗಿನವರಿಗೆ ಇದು ತಿಳಿಯಲಿಕ್ಕಿಲ್ಲ. ವಿಜಯಪುರದ ಸುತ್ತಲಿನ ಎರಿಭೂಮಿ ಹಿಂಗಾರಿ ಜೋಳಕ್ಕೆ ಚಿನ್ನದಂಥ ನೆಲ, ಮನೆಗೆ ಮಾತ್ರ ಶತ್ರು. ಮಳೆಗೆ ಅದು ಉಬ್ಬುತ್ತದೆ. ಬೇಸಿಗೆಗೆ ಕುಗ್ಗಿ, ಕೈ ಇಳಿಯುವಷ್ಟು ಅಗಲ ಬಿರಿಯುತ್ತದೆ. ಅದರ ಮೇಲೆ ಕಟ್ಟಿದ ಗೋಡೆ ಎರಡು ಮಳೆಗಾಲ ಕಳೆಯುವುದರೊಳಗೆ ಮೂಲೆಯಿಂದ ಸೀಳುತ್ತದೆ. ಆದ್ದರಿಂದ ಕೆಳಗಿನ ಗಟ್ಟಿ ಗರಸು ಸಿಗುವ ತನಕ ಅಗೆದೇ ಕಲ್ಲಿಡಬೇಕು. ಒಂದು ಊರಲ್ಲಿ ಅದು ಮೊಣಕಾಲುದ್ದಕ್ಕೆ ಸಿಕ್ಕರೆ ಪಕ್ಕದ ಊರಲ್ಲಿ ಆಳುದ್ದ ಹೋದರೂ ಸಿಗದು. ಮನೆ ಇನ್ನೂ ಕಣ್ಣಿಗೆ ಕಾಣುವ ಮೊದಲೇ ಬಡವನ ರೊಕ್ಕ ಮಣ್ಣಿನಡಿ ಮುಗಿದುಹೋಗುತ್ತದೆ. ಕೂಲಿ ಕೊಟ್ಟು ಪಾಯ ತೋಡಿಸಲಾರದೆ ನಿಂತ ಮನೆಗಳು ಒಂದೆರಡಲ್ಲ.

ನಮ್ಮ ಹಿರಿಯರ ಜಾಣ್ಮೆ ಇರುವುದು ಇಲ್ಲಿ. ಗೋಡೆ ಕಟ್ಟುವುದು ಗೌಂಡಿಯ ಕಸುಬು, ಹುಡುಗರು ಅದಕ್ಕೆ ಕೈ ಹಾಕಿದರೆ ಕೆಟ್ಟೀತು. ಪಾಯ ತೋಡುವುದಕ್ಕೆ ಬೇಕಾದದ್ದು ತೋಳು, ಬೆನ್ನು ಮತ್ತು ತಾಳ್ಮೆ. ಅದು ಹುಡುಗರಲ್ಲಿದೆ. ಹೀಗೆ ತೂಗಿ ನೋಡಿ, ಪಾಯ ನಮ್ಮದು, ಗೋಡೆ ಗೌಂಡಿಯದು, ಸಾಮಾನು ಸರ್ಕಾರದ್ದು ಮತ್ತು ಮನೆಯವರದು ಎಂದು ಹಂಚಿಕೆ ಮಾಡಿದರು. ಅಂದಿನ ಆ ಹಂಚಿಕೆಯೇ ನಮ್ಮ ಘಟಕವನ್ನು ಇಷ್ಟು ವರ್ಷ ನಡೆಸಿಕೊಂಡು ಬಂದಿದೆ.

ಟಿಕೋಟಾ ಕಡೆಯ ಹಳ್ಳಿಯೊಂದರಲ್ಲಿ ಒಬ್ಬ ಮುದುಕಿಯ ಮನೆಗೆ ಪಾಯ ತೋಡಿದ್ದನ್ನು ಇಲ್ಲಿ ಹೇಳಲೇಬೇಕು. ಗಂಡನಿಲ್ಲ, ಮಗ ದುಡಿಯಲು ಸೋಲಾಪುರಕ್ಕೆ ಹೋಗಿದ್ದ, ಸೊಸೆ ಬಾಣಂತಿ. ಗೌಂಡಿ ನಸುಕಿನಲ್ಲೇ ಬಂದು ಗೂಟ ಬಡಿದು, ದಾರ ಕಟ್ಟಿ, ಸುಣ್ಣದ ಗೆರೆ ಎಳೆದ. ಮಧ್ಯಾಹ್ನದ ಹೊತ್ತಿಗೆ ನಮ್ಮ ಹುಡುಗರು ಸೊಂಟದುದ್ದ ಇಳಿದಿದ್ದರು. ಮಣ್ಣು ಇನ್ನೂ ಕರಿದೇ. ಕೆಳಗೆ ಹಸಿ ಇದ್ದುದರಿಂದ ಸಲಿಕೆಗೆ ಅಂಟುತ್ತಿತ್ತು. ಪ್ರತಿ ಬುಟ್ಟಿಗೂ ಒಬ್ಬ ಕಡ್ಡಿಯಿಂದ ಸಲಿಕೆ ಕೆರೆದು ಕೊಡಬೇಕಾಗಿತ್ತು. ಸಾಕಲ್ಲವೆ, ಇಲ್ಲೇ ಕಲ್ಲಿಡೋಣ ಎಂದು ನಾನು ಕೇಳಿದೆ. ಗೌಂಡಿ ಒಪ್ಪಲಿಲ್ಲ.

"ಗರಸ ಸಿಗೂತನಾ ಕಲ್ಲ ಇಡೂದ ಬ್ಯಾಡ್ರಿ ಸರ. ಈಗ ಬೆವರ ಉಳಿಸಿದ್ರ ಮುಂದ ಆಯಿ ಗ್ವಾಡಿ ಮುಂದ ಕುಂತ ಅಳಬೇಕಾಗತೈತಿ" ಎಂದ.

ಸಂಜೆ ಹಾರೆಯ ಸದ್ದು ಬದಲಾಯಿತು. ಕುಸುಕುಸು ಎನ್ನುತ್ತಿದ್ದದ್ದು ಕಟಕಟ ಎನ್ನತೊಡಗಿತು. ಗೌಂಡಿ ಕೆಳಗಿಳಿದು ಒಂದು ಹಿಡಿ ತೆಗೆದುಕೊಂಡು ಅಂಗೈಯಲ್ಲಿ ತಿಕ್ಕಿದ. ಕರಿ ಹೋಗಿ ಕಂದು ಬಿಳುಪಿನ ಹರಳು ಹರಳು ಗರಸು ಬಂದಿತ್ತು. ಆ ಮುದುಕಿ ಹುಡುಗರ ಕೈ ಹಿಡಿದು ನೋಡಿ, "ಯಪ್ಪಾ, ಕಾಲೇಜ ಕಲಿಯೂ ಹುಡುಗೂರ ಕೈಯಾಗ ಬೊಬ್ಬಿ ಎದ್ದಾವಲ್ಲೋ" ಎಂದು ಕಣ್ಣೀರು ಹಾಕಿದಳು. ಮರುದಿನ ಊರವರೇ ಚಕ್ಕಡಿ ಹೂಡಿ ಕಲ್ಲು ತಂದು ಸುರಿದರು. ಹುಡುಗರು ಬಾಗಿ ದುಡಿಯುವುದನ್ನು ಕಂಡ ಮೇಲೆ ಊರು ಸುಮ್ಮನೆ ಕೂಡಲಿಲ್ಲ. ಇದನ್ನು ನಾವು ಮುಂದೆಯೂ ಅನೇಕ ಊರುಗಳಲ್ಲಿ ಕಂಡೆವು.

ಅಡಿಗೆಮನೆಯ ಹೊಗೆ

1985ರಲ್ಲಿ ಇಂದಿರಾ ಆವಾಸ್ ಯೋಜನೆ ಬಂದದ್ದು ನಮಗೆ ದೊಡ್ಡ ಬಲವಾಯಿತು. ಆ ಯೋಜನೆಯಲ್ಲಿ ಗುತ್ತಿಗೆದಾರರಿಗೆ ಜಾಗವಿರಲಿಲ್ಲ, ಫಲಾನುಭವಿಯೇ ನಿಂತು ಮನೆ ಕಟ್ಟಿಕೊಳ್ಳಬೇಕು. ನಿಂತು ಕಟ್ಟಿಸಲು ಬಲವಿಲ್ಲದ ವಿಧವೆಯರು, ಮುದುಕರು, ಅಂಗವಿಕಲರು ಇದ್ದ ಕಡೆ ನಮ್ಮ ಹುಡುಗರು ಮನೆಯ ಮಕ್ಕಳಂತೆ ನಿಂತರು. ಸುಮಾರು 20 ಚದರ ಮೀಟರಿನ ಮನೆ, ಹೊಗೆಯಿಲ್ಲದ ಒಲೆ, ಪಾಯಖಾನೆ, ಇಷ್ಟೂ ಯೋಜನೆಯಲ್ಲಿ ಸೇರಿದ್ದವು.

ನಾನು ಕಾರ್ಯಕ್ರಮಾಧಿಕಾರಿಯಾಗಿದ್ದ ವರ್ಷಗಳಲ್ಲಿ ಆ ಒಲೆಯ ಕಡೆಗೆ ವಿಶೇಷ ಗಮನ ಕೊಟ್ಟೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಆರಂಭಿಸಿದ ಅಸ್ತ್ರ ಕೇಂದ್ರ ಹಳ್ಳಿಗಳಿಗಾಗಿ ಅಸ್ತ್ರ ಒಲೆಯನ್ನು ರೂಪಿಸಿತ್ತು. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳು ಉರಿಸುವ ನಮ್ಮ ಅಡಿಗೆಮನೆಗಳಿಗೆ ಅದು ಹೇಳಿ ಮಾಡಿಸಿದಂತಿತ್ತು. ಹುಡುಗಿಯರು ಅದರ ಅಳತೆ ಕಲಿತು, ಮಣ್ಣು ಕಲಸಿ, ಹೊಗೆಕೊಳವೆ ನಿಲ್ಲಿಸಿ ಕೊಟ್ಟರು. ಕಿಟಕಿ ಎಲ್ಲಿ ಬರಬೇಕು, ನೀರಿನ ಕೊಡ ಎಲ್ಲಿ ಇಡುತ್ತೀರಿ, ರೊಟ್ಟಿ ಬಡಿಯಲು ಎಷ್ಟು ಜಾಗ ಬೇಕು ಎಂದು ಮನೆಯ ಹೆಂಗಸರನ್ನು ಕೂಡಿಸಿ ಕೇಳಿದವರೂ ಅವರೇ. ಅಲ್ಲಿಯವರೆಗೆ ಯಾರೂ ಆ ತಾಯಂದಿರನ್ನು ಕೇಳಿರಲಿಲ್ಲ. ಹುಡುಗಿಯರು ಕಲ್ಲು ಹೊರುವುದಕ್ಕೆ ಮೊದಮೊದಲು ಕೆಲವು ಊರ ಹಿರಿಯರು ಮುಖ ಗಂಟಿಕ್ಕಿದ್ದುಂಟು. ಕೆಲಸ ನೋಡಿದ ಮೇಲೆ ಅವರೇ ಬಂದು ಆಶೀರ್ವದಿಸಿದರು. ನಮ್ಮ ಘಟಕದ ಅತಿ ದೊಡ್ಡ ಸಾಧನೆ ಯಾವುದೆಂದು ಯಾರಾದರೂ ಕೇಳಿದರೆ ಆ ಹೊಗೆಯಿಲ್ಲದ ಅಡಿಗೆಮನೆಗಳನ್ನೇ ತೋರಿಸುತ್ತೇನೆ.

ಹಳೆಯ ಮೇಲ್ಮುದ್ದಿ ಮನೆಗಳ ಬಗ್ಗೆ ನಮ್ಮ ಕಣ್ಣು ತೆರೆಸಿದ್ದು 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ. ಲಾತೂರ್, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸಾವಿರಾರು ಜನ ಮಲಗಿದಲ್ಲೇ ಸತ್ತರು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ತೊಲೆ ಜಂತಿಗಳ ಮೇಲೆ ವರ್ಷ ವರ್ಷ ಹಾಕಿದ ಭಾರವಾದ ಮಣ್ಣು: ಅಲ್ಲಿಯ ಮನೆಗಳೂ ನಮ್ಮ ಹಳ್ಳಿಯ ಮನೆಗಳೂ ಒಂದೇ ರೀತಿಯವು. ಗೋಡೆಯ ಎರಡು ಮೈಯನ್ನೂ ಹಿಡಿದಿಡುವ ಅಡ್ಡಗಲ್ಲು ಬಿಡಬೇಡಿ, ಬಾಗಿಲ ಮೇಲಿನ ಮಟ್ಟದಲ್ಲಿ ಮನೆ ಸುತ್ತ ಕಾಂಕ್ರೀಟಿನ ಪಟ್ಟಿ ಹಾಕಿಸಿ ಎಂದು ಅಂದಿನಿಂದ ಪ್ರತಿ ಶಿಬಿರದಲ್ಲೂ ಹೇಳುತ್ತ ಬಂದೆವು. ಗೌಂಡಿಗಳೂ ಈ ಮಾತಿಗೆ ಕಿವಿಗೊಟ್ಟರು.

ನಡುವಿನ ವರ್ಷಗಳು

ಆಮೇಲಿನ ಹದಿನೈದು ವರ್ಷ ಘಟಕ ತನ್ನ ಪಾಡಿಗೆ ತಾನು ನಡೆಯಿತು. ಆಶ್ರಯ ಮನೆಗಳು ಬಂದವು. 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಸ್ಥಾಪನೆಯಾಯಿತು. 2003ರಲ್ಲಿ ನಮ್ಮ ನಗರಕ್ಕೆ ರಾಜ್ಯದ ಮಹಿಳಾ ವಿಶ್ವವಿದ್ಯಾಲಯ ಬಂದು, ಹೆಣ್ಣುಮಕ್ಕಳ ಸೇವಾ ಶಿಬಿರಗಳಿಗೆ ಹೊಸ ಹುರುಪು ಕೊಟ್ಟಿತು. ಪ್ರತಿ ವರ್ಷ ಶಿಬಿರ ನಡೆಯಿತು, ವರದಿ ಹೋಯಿತು, ಹೊಸ ಹುಡುಗರು ಬಂದರು.

ಈ ಅವಧಿಯಲ್ಲಿ ನಮ್ಮವರಲ್ಲಿ ಕೆಲವು ಅಭಿಪ್ರಾಯ ಭೇದಗಳೂ ತಲೆದೋರಿದವು. ನಗರದ ಕೊಳೆಗೇರಿಗಳಲ್ಲೇ ಹೆಚ್ಚು ಕೆಲಸ ಮಾಡಬೇಕೆಂಬುದು ಕೆಲವರ ವಾದ, ಹಳ್ಳಿಗಳನ್ನು ಬಿಡಬಾರದೆಂಬುದು ಇನ್ನು ಕೆಲವರ ನಿಲುವು. ಯಾರ ಮನೆಯನ್ನು ಮೊದಲು ಆರಿಸಬೇಕೆಂಬ ಪ್ರಶ್ನೆಯಲ್ಲೂ ಮಾತಿಗೆ ಮಾತು ಬೆಳೆಯಿತು. ಕೆಲವು ಹಿರಿಯ ಗೆಳೆಯರು ಬೇರೆಯಾಗಿ ತಮ್ಮದೇ ರೀತಿಯಲ್ಲಿ ಸೇವೆ ಮುಂದುವರಿಸಿದರು. ಆ ಮಾತುಗಳನ್ನು ಈಗ ಕೆದಕುವುದು ಬೇಡ. ಎರಡೂ ಕಡೆಯವರ ಮನಸ್ಸು ಒಳ್ಳೆಯದೇ ಇತ್ತು, ಎರಡೂ ಕಡೆಯವರ ಬೆವರಿನಿಂದ ಮನೆಗಳು ಎದ್ದವು. ಈ ಸಂಚಿಕೆಗೆ ಅವರೂ ಲೇಖನ ಕೊಟ್ಟಿರುವುದು ಸಂತೋಷದ ವಿಷಯ.

ಡೋಣಿ ಉಕ್ಕಿದಾಗ

ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬುದು ಡೋಣಿ ಹೊಳೆಯ ನಮ್ಮ ಸೀಮೆಯ ಗಾದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದ ಮೇಲೆ ಸುರಿದ ಮಳೆಗೆ ಓಣಿಗಳಲ್ಲಿ ನೀರೇ ತುಂಬಿತು. ಇನ್ನೂರಕ್ಕೂ ಹೆಚ್ಚು ಜನ ಜೀವ ಕಳೆದುಕೊಂಡರು. ಎಡೆಬಿಡದ ಮಳೆಗೆ ನೆನೆದ ಮಣ್ಣಿನ ಮನೆಗಳು ನೆರೆ ಬಾರದ ಊರುಗಳಲ್ಲೂ ಸಾಲುಸಾಲಾಗಿ ಕುಸಿದವು. ನಮ್ಮ ಸ್ವಯಂಸೇವಕರು ಕುಸಿದ ಮಾಳಿಗೆಗಳ ಅಡಿಯಿಂದ ಜೋಳದ ಚೀಲ, ತೊಲೆ, ಬಾಗಿಲ ಚೌಕಟ್ಟು ಎತ್ತಿ ತೆಗೆದರು. ತೇಗದ ಒಂದು ಬಾಗಿಲು ಉಳಿದರೆ ಅದು ಹೊಸ ಮನೆಗೆ ಆಗುತ್ತಿತ್ತು. ಸರ್ಕಾರದ ಆಸರೆ ಯೋಜನೆಯಲ್ಲಿ ದಾನಿಗಳ ನೆರವಿನಿಂದ ಹೊಸ ಮನೆಗಳು ಎದ್ದಾಗ ಹುಡುಗರು ಮನೆ ಮನೆ ಸುತ್ತಿ, ಕಾಗದಪತ್ರ ನೀರುಪಾಲಾದವರಿಗೆ ಅರ್ಜಿ ಬರೆದುಕೊಟ್ಟರು, ಹೆಸರು ಪಟ್ಟಿಯಲ್ಲಿದೆಯೇ ಎಂದು ಪಂಚಾಯಿತಿಗೆ ಅಲೆದಾಡಿದರು. ಪೆನ್ನು ಹಿಡಿದ ಸೇವೆಯೂ ಸಲಿಕೆ ಹಿಡಿದ ಸೇವೆಯಷ್ಟೇ ದೊಡ್ಡದೆಂದು ನಾವು ಆಗ ಕಂಡುಕೊಂಡೆವು.

ಇಂದಿನ ಕೆಲಸ

ಇಂಥ ಸೇವೆ ಹೊರಗಿನ ಜಗತ್ತಿನಲ್ಲೂ ನಡೆದಿದೆ. ಅಮೆರಿಕದಲ್ಲಿ 1976ರಲ್ಲಿ ಹುಟ್ಟಿದ ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ ಸಂಸ್ಥೆ 1983ರಿಂದ ನಮ್ಮ ದೇಶದಲ್ಲೂ ಕೆಲಸ ಮಾಡುತ್ತಿದೆ. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 2006ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಲೋನಾವಳದ ಹತ್ತಿರ ಸ್ವಯಂಸೇವಕರ ಜೊತೆ ನಿಂತು ಇಟ್ಟಂಗಿ ಇಟ್ಟರು. ಮನೆ ಪಡೆಯುವ ಕುಟುಂಬವೂ ತನ್ನ ದುಡಿಮೆ ಸೇರಿಸಬೇಕೆಂಬುದು ಆ ಸಂಸ್ಥೆಯ ನಿಯಮ. ನಮ್ಮ ಹಿರಿಯರೂ ಮೊದಲಿನಿಂದ ಇದನ್ನೇ ಪಾಲಿಸಿಕೊಂಡು ಬಂದರು: ಮನೆಯವರು ಕೈ ಹಚ್ಚದ ಮನೆಗೆ ನಾವು ಸಲಿಕೆ ಎತ್ತಲಿಲ್ಲ.

ಈಗ ನಮ್ಮ ಊರಿನ ಹೆಸರು ವಿಜಯಪುರ ಎಂದಾಗಿದೆ, ಟಿಕೋಟಾ ಬಬಲೇಶ್ವರಗಳು ತಾಲ್ಲೂಕುಗಳಾಗಿವೆ. ಕಾಲುವೆ ನೀರು ಬಂದು ಹೊಲಗಳು ಹಸಿರಾಗಿವೆ. ಆದರೂ ಪತ್ರಾಸಿನ ಕೆಳಗೆ ಬೇಸಿಗೆ ಕಳೆಯುವ ಕುಟುಂಬಗಳು ಇನ್ನೂ ಇವೆ. ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆ 25 ಚದರ ಮೀಟರಿನದು. ಅದಕ್ಕೆ ಬಯಲು ಸೀಮೆಯಲ್ಲಿ ಕೊಡುವ ನೆರವು 1.20 ಲಕ್ಷ ರೂಪಾಯಿ, ಜೊತೆಗೆ ಉದ್ಯೋಗ ಖಾತ್ರಿಯಿಂದ 90 ಮಾನವ ದಿನಗಳ ಕೂಲಿ. ಹಣ ಒಮ್ಮೆಲೆ ಬರುವುದಿಲ್ಲ. ಹಂತ ಹಂತವಾಗಿ ಕೆಲಸ ಮುಗಿದು, ಜಾಗದ ಗುರುತಿನೊಂದಿಗೆ ಫೋಟೊ ಏರಿದ ಮೇಲೆ ಮುಂದಿನ ಕಂತು ಬಿಡುಗಡೆಯಾಗುತ್ತದೆ. ಅಂದರೆ ಕೈಯಲ್ಲಿ ರೊಕ್ಕವಿಲ್ಲದವನ ಪಾಯ ಏರದಿದ್ದರೆ ಮುಂದಿನ ಕಂತೂ ಬರುವುದಿಲ್ಲ. ಎರಿಭೂಮಿಯಲ್ಲಿ ಬಡವ ಅಂದು ನಿಂತದ್ದೂ ಅಲ್ಲಿಯೇ, ಇಂದು ನಿಲ್ಲುವುದೂ ಅಲ್ಲಿಯೇ.

ಆದ್ದರಿಂದ ಇಂದಿನ ಸ್ವಯಂಸೇವಕರಲ್ಲಿ ನನ್ನದೊಂದು ವಿನಂತಿ. ಮುಗಿದ ಮನೆಗೆ ಬಣ್ಣ ಬಳಿಯುವುದು, ಉದ್ಘಾಟನೆಯ ದಿನ ಸಾಲಾಗಿ ನಿಲ್ಲುವುದು ಸುಲಭ. ನೀವು ಪಾಯದ ದಿನ ಹೋಗಿರಿ. ಗರಸು ಸಿಗುವ ತನಕ ತೋಡಿರಿ. ಗೌಂಡಿಯ ಮಾತು ಮೀರಬೇಡಿ, ಅವನ ಕೂಲಿಗೆ ಅಡ್ಡ ಬರಬೇಡಿ. ಶಿಬಿರ ಏಳು ದಿನಕ್ಕೆ ಮುಗಿದರೂ ಸಿಮೆಂಟಿಗೆ ನೀರು ಹೊಡೆಯುವುದು ಅಷ್ಟಕ್ಕೆ ಮುಗಿಯುವುದಿಲ್ಲ. ನೀರು ತುಟ್ಟಿಯಾದ ನಮ್ಮ ಸೀಮೆಯಲ್ಲಿ ಗೋಣಿ ತಟ್ಟು ಹೊದಿಸಿ, ಒಂದು ಕೊಡ ನೀರನ್ನು ಎರಡು ಕೊಡದಷ್ಟು ಬಾಳಿಸಬಹುದು. ಅದಕ್ಕೆ ಪಾಳಿ ಹಾಕಿಕೊಂಡು ಊರಿಗೆ ಹೋಗಿ ಬನ್ನಿರಿ. ಕಡೆಯ ಕಂತು ಮನೆಯವರ ಖಾತೆಗೆ ಬೀಳುವವರೆಗೆ ಅವರ ಕಾಗದಗಳ ಬೆನ್ನು ಬಿಡಬೇಡಿ. ಅವರ ದುಡ್ಡನ್ನು ಮಾತ್ರ ಯಾವ ಕಾರಣಕ್ಕೂ ನಿಮ್ಮ ಕೈಯಲ್ಲಿ ಹಿಡಿಯಬೇಡಿ.

ಹಳೆಯ ವಿದ್ಯಾರ್ಥಿಗಳಲ್ಲೂ ಒಂದು ಮಾತು. ಘಟಕದ ಹಾರೆ, ಗುದ್ದಲಿ, ಸಲಿಕೆ, ಬುಟ್ಟಿಗಳು ಸವೆದು ಹೋಗಿವೆ. ಬರುವ ಸೆಪ್ಟೆಂಬರ್ 24ರ ಸೇವಾ ಯೋಜನೆ ದಿನದೊಳಗೆ ಒಬ್ಬೊಬ್ಬರು ಒಂದೊಂದು ಹೊಸ ಸಲಕರಣೆ ಕೊಡಿಸಿದರೆ, ಈ ವರ್ಷದ ಶಿಬಿರ ಬೇರೆಯವರ ಮುಂದೆ ಕೈಯೊಡ್ಡದೆ ಕೆಲಸ ಆರಂಭಿಸಬಹುದು. ಕೊಡುವವರು ಕಾಲೇಜಿನ ಕಾರ್ಯಕ್ರಮಾಧಿಕಾರಿಗಳನ್ನು ಕಂಡು ತಮ್ಮ ಹೆಸರು ಬರೆಸಬೇಕೆಂದು ಪ್ರಾರ್ಥಿಸುತ್ತೇನೆ.